ಒಂದೇ ಸಿ.ಡಿ., ಬೇರೆ ಬೇರೆ ಚಿತ್ರ: ಕಂಪ್ಯೂಟರಿನಲ್ಲಿ ವಿಡಿಯೋ ನಡೆದು ಬಂದ ದಾರಿ

ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂತಹ ಊರುಗಳಿಗೂ ಕಂಪ್ಯೂಟರ್ ಬಂತು. ಮದುವೆಯ ವಿಡಿಯೋ ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಇಳಿಯಿತು. ಪಾಠದ ಸಿ.ಡಿ.ಗಳು ಶಾಲೆಗಳಿಗೆ ಬಂದವು. ಆ ಕಾಲದಲ್ಲಿ ಎಲ್ಲರೂ ಕಂಡ ಒಂದು ವಿಚಿತ್ರವೆಂದರೆ, ಒಂದೇ ಸಿ.ಡಿ. ಒಂದು ಕಂಪ್ಯೂಟರಿನಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು, ಇನ್ನೊಂದರಲ್ಲಿ ಮಂಕಾಗಿ ಕಾಣುತ್ತಿತ್ತು, ಮತ್ತೊಂದರಲ್ಲಿ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತಿದ್ದವು. ಕೆಲವು ಕಡೆ ಚಿತ್ರವೇ ಬರುತ್ತಿರಲಿಲ್ಲ.

ಇದರಿಂದ ಜನ ತಮತಮಗೆ ತೋಚಿದ ತೀರ್ಮಾನಕ್ಕೆ ಬಂದರು. 'ವಿಡಿಯೋ ನೋಡಬೇಕಾದರೆ ಆಪಲ್ ಯಂತ್ರವೇ ಬೇಕು' ಎಂದರು ಕೆಲವರು. 'ಲಿನಕ್ಸ್‌ನಲ್ಲಿ ಸಿನಿಮಾ ಓಡುವುದಿಲ್ಲ' ಎಂದರು ಇನ್ನು ಕೆಲವರು. 'ಯಂತ್ರ ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ' ಎಂಬ ಸಲಹೆಯಂತೂ ಎಲ್ಲೆಡೆ ಕೇಳಿಬರುತ್ತಿತ್ತು. ಈ ಮಾತುಗಳಲ್ಲಿ ಎಷ್ಟು ಸತ್ಯವಿದೆ? ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ವ್ಯವಸ್ಥೆಗಳಲ್ಲಿ ಚಿತ್ರದ ಗುಣಮಟ್ಟ ನಿಜವಾಗಿಯೂ ಬೇರೆಯೇ? ದಾನಿಗಳ ಹಣದಿಂದ ಕಂಪ್ಯೂಟರ್ ಕೊಠಡಿ ನಡೆಸುವ ಸಂಸ್ಥೆಗಳಿಗೂ, ಕಷ್ಟಪಟ್ಟು ಮಗನಿಗೋ ಮಗಳಿಗೋ ಒಂದು ಯಂತ್ರ ಕೊಡಿಸುವ ತಂದೆತಾಯಿಗಳಿಗೂ ಇದು ಹಣದ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ವಿಡಿಯೋ ಕಂಪ್ಯೂಟರಿಗೆ ಬಂದ ಇತಿಹಾಸವನ್ನು ತಿಳಿಯಬೇಕು. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಪಕ್ಕದ ಬೆಂಗಳೂರಿನಿಂದಲೇ ಆರಂಭವಾಗುತ್ತದೆ.

ಹೊರಲಾರದ ಹೊರೆ

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ದೇಶದ ಟಿ.ವಿ. ಪಾಲ್ ಪದ್ಧತಿಯನ್ನು ಅನುಸರಿಸಿತು. ಆ ಚಿತ್ರವನ್ನು ಅಂಕೆಗಳಿಗೆ ಇಳಿಸಿದರೆ ಅಡ್ಡಕ್ಕೆ 720 ಚುಕ್ಕೆ, ಮೇಲಿನಿಂದ ಕೆಳಕ್ಕೆ 576 ಸಾಲು, ಅಂದರೆ ಒಂದು ಚಿತ್ರಕ್ಕೆ 4,14,720 ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿದರೆ ಒಂದು ಸೆಕೆಂಡಿಗೆ 3 ಕೋಟಿ 11 ಲಕ್ಷ ಬೈಟ್ ಆಗುತ್ತದೆ.

650 ಮೆಗಾಬೈಟ್‌ನ ಒಂದು ಸಿ.ಡಿ. ಈ ಲೆಕ್ಕದಲ್ಲಿ ಇಪ್ಪತ್ತು ಚಿಲ್ಲರೆ ಸೆಕೆಂಡಿಗೇ ತುಂಬಿಹೋಗುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 400ಕ್ಕೂ ಹೆಚ್ಚು ಸಿ.ಡಿ.ಗಳು ಬೇಕು. ಅಷ್ಟು ಸಿ.ಡಿ. ತಂದರೂ ಪ್ರಯೋಜನವಿಲ್ಲ. ಮೊದಲ ತಲೆಮಾರಿನ ಸಿ.ಡಿ. ಡ್ರೈವ್ ಸೆಕೆಂಡಿಗೆ ಓದುತ್ತಿದ್ದದ್ದು 150 ಕಿಲೋಬೈಟ್ ಮಾತ್ರ. ಬೇಕಾದದ್ದು ಅದರ ಸುಮಾರು 200 ಪಟ್ಟು. ಹೀಗಾಗಿ ಕಂಪ್ಯೂಟರಿನಲ್ಲಿ ವಿಡಿಯೋ ಎಂಬುದು ಮೂಲತಃ ಸಂಕೋಚನದ ಸಮಸ್ಯೆಯಾಗಿತ್ತು. ನೋಡುವವನ ಕಣ್ಣಿಗೆ ಕೊರತೆ ಕಾಣದಂತೆ, ಅಂಕೆಗಳ ಈ ರಾಶಿಯನ್ನು ಹೇಗೆ ಕಿರಿದುಗೊಳಿಸುವುದು?

ಬೆಂಗಳೂರಿನ ನಾಸಿರ್ ಅಹಮದ್

ಈ ಪ್ರಶ್ನೆಗೆ ಸಿಕ್ಕ ಉತ್ತರದ ಹಿಂದೆ ನಾಸಿರ್ ಅಹಮದ್ ಎಂಬ ವಿಜ್ಞಾನಿಯ ಹೆಸರಿದೆ. ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1961ರಲ್ಲಿ ಈಗ ಯು.ವಿ.ಸಿ.ಇ. ಎಂದು ಕರೆಯಲಾಗುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಈ ಕಾಲೇಜು 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಆರಂಭವಾಯಿತು. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರುವವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಆ ದೃಷ್ಟಿಯಿಂದ ಈ ಕಥೆಗೆ ನಮ್ಮ ಮಣ್ಣಿನ ನಂಟೂ ಇದೆ.

ನಾಸಿರ್ ಅಹಮದ್ ಅಮೆರಿಕಕ್ಕೆ ಹೋಗಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1966ರಲ್ಲಿ ಡಾಕ್ಟರೇಟನ್ನೂ ಪಡೆದರು. ಎರಡು ವರ್ಷ ಹನಿವೆಲ್ ಕಂಪನಿಯಲ್ಲಿದ್ದು, 1968ರಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರ, ಧ್ವನಿ ಮುಂತಾದ ಸಂಕೇತಗಳನ್ನು ಕೆಲವೇ ಅಂಕೆಗಳಲ್ಲಿ ಹಿಡಿದಿಡುವ ಒಂದು ಗಣಿತ ವಿಧಾನ ಆಗಲೇ ತಿಳಿದಿತ್ತು. ಕರೂನೆನ್–ಲೋವೆ ಪರಿವರ್ತನೆ ಎಂದು ಅದರ ಹೆಸರು. ಫಲಿತಾಂಶದಲ್ಲಿ ಅದು ಅತ್ಯುತ್ತಮ, ಆದರೆ ಅದರ ಲೆಕ್ಕ ಬಹಳ ಭಾರ. ಅದಕ್ಕೆ ಹತ್ತಿರವಾದ ಫಲ ಕೊಡುವ, ಆದರೆ ಯಂತ್ರಕ್ಕೆ ಸುಲಭವಾಗುವ ದಾರಿಯನ್ನು ನಾಸಿರ್ ಅಹಮದ್ ಹುಡುಕಿದರು. ತ್ರಿಕೋನಮಿತಿಯಲ್ಲಿ ನಾವೆಲ್ಲ ಓದುವ ಕೊಸೈನ್ ಅಲೆಗಳಿಂದಲೇ ಅದು ಸಾಧ್ಯ ಎಂದು ಅವರಿಗೆ ಹೊಳೆಯಿತು.

1972ರಲ್ಲಿ ಅವರು ಈ ಕೆಲಸಕ್ಕೆ ಧನಸಹಾಯ ಕೋರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಸಹಾಯ ಸಿಗಲಿಲ್ಲ. ಈ ವಿಚಾರ ತೀರಾ ಸರಳವಾಯಿತೆಂಬ ಅಭಿಪ್ರಾಯ ಪರಿಶೀಲಕರೊಬ್ಬರಿಂದ ಬಂತೆಂದು ಅವರೇ 1991ರ ಒಂದು ಲೇಖನದಲ್ಲಿ ನೆನಪಿಸಿಕೊಂಡಿದ್ದಾರೆ. ಅವರು ಕೈಬಿಡಲಿಲ್ಲ. ಶಿಷ್ಯ ಟಿ. ನಟರಾಜನ್ ಮತ್ತು ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ಅಧ್ಯಾಪಕರಾಗಿದ್ದ ಸ್ನೇಹಿತ ಕೆ.ಆರ್. ರಾವ್ ಅವರೊಂದಿಗೆ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ನಾಲ್ಕು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್', ಸಂಕ್ಷೇಪವಾಗಿ ಡಿ.ಸಿ.ಟಿ., ಹೀಗೆ ಲೋಕಕ್ಕೆ ಬಂತು.

ಡಿ.ಸಿ.ಟಿ. ಮಾಡುವ ಕೆಲಸವನ್ನು ನಮ್ಮ ಕೋಲಾರ ಚಿನ್ನದ ಗಣಿಯ ಉದಾಹರಣೆಯಿಂದ ವಿವರಿಸಬಹುದು. ಟನ್ನುಗಟ್ಟಲೆ ಅದಿರನ್ನು ಮೇಲೆ ತಂದು, ಪುಡಿ ಮಾಡಿ, ಚಿನ್ನವನ್ನು ಬೇರ್ಪಡಿಸಿ, ಉಳಿದ ಪುಡಿಯನ್ನು ಹೊರಗೆ ಸುರಿಯುತ್ತಿದ್ದರು. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಹಾಗೆ ಸುರಿದವೇ. ಚಿತ್ರದ ವಿಷಯದಲ್ಲೂ ಹಾಗೆಯೇ. ಚಿತ್ರವನ್ನು 8 ಚುಕ್ಕೆ ಉದ್ದ, 8 ಚುಕ್ಕೆ ಅಗಲದ ಚೌಕಗಳಾಗಿ ಒಡೆಯುತ್ತಾರೆ. ಒಂದು ಚೌಕದಲ್ಲಿ 64 ಅಂಕೆಗಳಿರುತ್ತವೆ. ಡಿ.ಸಿ.ಟಿ. ಆ 64 ಅಂಕೆಗಳನ್ನು ಬೇರೆ 64 ಅಂಕೆಗಳಾಗಿ ಬದಲಿಸುತ್ತದೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಮುಂದಿನವು ನಿಧಾನವಾದ ಏರಿಳಿತಗಳು. ಕೊನೆಯವು ಅತಿ ಸೂಕ್ಷ್ಮ ಗೆರೆಗಳು. ಆಕಾಶ, ಗೋಡೆ, ಮುಖದ ಕೆನ್ನೆ ಇಂತಹ ಭಾಗಗಳಲ್ಲಿ ಮೊದಲ ಕೆಲವು ಅಂಕೆಗಳಲ್ಲೇ ಚಿತ್ರದ ಸತ್ವವೆಲ್ಲ ಬಂದುಬಿಡುತ್ತದೆ. ಉಳಿದವು ಸೊನ್ನೆಗೆ ಹತ್ತಿರ ಇರುತ್ತವೆ.

ಇಲ್ಲಿಯವರೆಗೆ ಏನೂ ನಷ್ಟವಾಗಿಲ್ಲ. ಬೇರ್ಪಡಿಸಿದ್ದಷ್ಟೇ. ಮುಂದಿನ ಹಂತದಲ್ಲಿ ಸಣ್ಣ ಅಂಕೆಗಳನ್ನು ಸೊನ್ನೆಯೆಂದೇ ಎಣಿಸಿ ಬಿಟ್ಟುಬಿಡುತ್ತಾರೆ. ನಷ್ಟವಾಗುವುದು ಅಲ್ಲಿ. ಹೆಚ್ಚು ಬಿಟ್ಟರೆ ಕಡತ ಚಿಕ್ಕದಾಗುತ್ತದೆ, ಆದರೆ ಚಿತ್ರದಲ್ಲಿ ಚೌಕ ಚೌಕವಾದ ತೇಪೆಗಳು ಕಾಣತೊಡಗುತ್ತವೆ. ಓದುಗರು ವಿ.ಸಿ.ಡಿ.ಯ ಹೊಡೆದಾಟದ ದೃಶ್ಯಗಳಲ್ಲಿ ಕಂಡಿರಬಹುದಾದ ಆ ಚೌಕಗಳು ಇವೇ. ಸಿ.ಡಿ. ತಯಾರಿಸುವಾಗಲೇ ಬಿಟ್ಟುಹೋದದ್ದನ್ನು ಯಾವ ಕಂಪ್ಯೂಟರೂ, ಯಾವ ತಂತ್ರಾಂಶವೂ ಮರಳಿ ತರಲಾರದು. ಹೋಲಿಕೆಗೆ ಹೊರಡುವ ಮುನ್ನ ನೆನಪಿಡಬೇಕಾದ ಮೊದಲ ಪಾಠವಿದು.

ಅಂಚೆಚೀಟಿಯಿಂದ ವಿ.ಸಿ.ಡಿ.ಗೆ

ಡಿ.ಸಿ.ಟಿ. ಪ್ರಬಂಧದಿಂದ ಮನೆಮನೆಯ ವಿಡಿಯೋವರೆಗಿನ ದಾರಿ ಸುಮಾರು ಇಪ್ಪತ್ತು ವರ್ಷದ್ದು. 1988ರಲ್ಲಿ ದೂರವಾಣಿ ತಂತಿಯ ಮೇಲಿನ ವಿಡಿಯೋ ಸಂಭಾಷಣೆಗಾಗಿ ಎಚ್.261 ಎಂಬ ಮಾನದಂಡ ಬಂತು. ಅದೇ ವರ್ಷ ಎಂಪೆಗ್ ಎಂಬ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಹುಟ್ಟಿತು. 1992ರಲ್ಲಿ ಸ್ಥಿರಚಿತ್ರಗಳಿಗೆ ಜೆಪೆಗ್, 1993ರಲ್ಲಿ ಚಲನಚಿತ್ರಗಳಿಗೆ ಎಂಪೆಗ್-1 ಮಾನದಂಡಗಳು ಹೊರಬಂದವು. ಇವೆಲ್ಲದರ ತಳಹದಿ ಡಿ.ಸಿ.ಟಿ.

ಅದೇ ಹೊತ್ತಿಗೆ ಕಂಪ್ಯೂಟರ್ ಕಂಪನಿಗಳು ತಮ್ಮದೇ ದಾರಿಯಲ್ಲಿ ಹೊರಟಿದ್ದವು. ಆಪಲ್ 1991ರ ಡಿಸೆಂಬರ್‌ನಲ್ಲಿ ಕ್ವಿಕ್‌ಟೈಮ್ ಹೊರತಂದಿತು. ಮೈಕ್ರೋಸಾಫ್ಟ್ 1992ರ ನವೆಂಬರ್‌ನಲ್ಲಿ 'ವಿಡಿಯೋ ಫಾರ್ ವಿಂಡೋಸ್' ಕೊಟ್ಟಿತು. ಆಗಿನ ವಿಡಿಯೋಗಳ ಅಳತೆ ಸಾಮಾನ್ಯವಾಗಿ 160 ಚುಕ್ಕೆ ಅಡ್ಡ, 120 ಚುಕ್ಕೆ ಉದ್ದ. ಪರದೆಯ ಮೇಲೆ ಅಂಚೆಚೀಟಿ ಅಂಟಿಸಿದಂತೆ ಕಾಣುತ್ತಿದ್ದ ಚಿತ್ರವದು. ಕಂಪ್ಯೂಟರಿನ ಸಂಸ್ಕಾರಕಕ್ಕೆ ಅದಕ್ಕಿಂತ ಹೆಚ್ಚಿನ ಶಕ್ತಿಯಿರಲಿಲ್ಲ.

1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆ.ವಿ.ಸಿ. ಕಂಪನಿಗಳು ಸೇರಿ ವಿ.ಸಿ.ಡಿ.ಯ ಮಾನದಂಡ ರೂಪಿಸಿದವು. 352 ಚುಕ್ಕೆ ಅಡ್ಡ, 288 ಸಾಲು, ಒಂದು ಸಿ.ಡಿ.ಯಲ್ಲಿ 74 ನಿಮಿಷ. 400 ಸಿ.ಡಿ. ಬೇಕಿದ್ದ ಸಿನಿಮಾ ಈಗ ಎರಡು ಮೂರು ಸಿ.ಡಿ.ಗಳಲ್ಲಿ ಕುಳಿತಿತು. ಯುರೋಪು, ಅಮೆರಿಕಗಳಲ್ಲಿ ವಿ.ಸಿ.ಡಿ. ಅಷ್ಟಾಗಿ ನೆಲೆಯೂರಲಿಲ್ಲ. ಅದನ್ನು ಮನೆಮಾತು ಮಾಡಿದ್ದು ಏಷ್ಯಾದ ಸಾಮಾನ್ಯ ಜನ. ಸಂಸ್ಕಾರಕಗಳು ವೇಗ ಪಡೆದಂತೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ವಿ.ಸಿ.ಡಿ. ಓಡತೊಡಗಿತು. ಆ ಮಟ್ಟಿಗೆ ಜಗಳವಿರಲಿಲ್ಲ.

ಡಿ.ವಿ.ಡಿ. ಮತ್ತು ಅದರ ಬೀಗ

1996ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಮಾರುಕಟ್ಟೆಗೆ ಬಂತು. ಎಂಪೆಗ್-2 ವಿಧಾನ, ಪೂರ್ಣ ಟಿ.ವಿ. ಅಳತೆಯ ಚಿತ್ರ. ಅದರ ಜೊತೆಗೆ ಎರಡು ಅಡೆತಡೆಗಳೂ ಬಂದವು. ಒಂದು, ಸಿನಿಮಾ ಕಂಪನಿಗಳು ಹಾಕಿದ ಗೂಢಲಿಪಿಯ ಬೀಗ. ಇನ್ನೊಂದು, ಎಂಪೆಗ್-2 ವಿಧಾನದ ಮೇಲಿದ್ದ ಪೇಟೆಂಟ್ ಹಕ್ಕುಗಳು. ಬೀಗದ ಕೀಲಿಗೂ ಪೇಟೆಂಟಿಗೂ ಹಣ ಕೊಟ್ಟವರು ಮಾತ್ರ ಡಿ.ವಿ.ಡಿ. ಆಡಿಸುವ ತಂತ್ರಾಂಶ ತಯಾರಿಸಬಹುದಿತ್ತು.

ಮೂರು ವ್ಯವಸ್ಥೆಗಳ ನಡುವೆ ದೊಡ್ಡ ಅಂತರ ಹುಟ್ಟಿದ್ದು ಇಲ್ಲಿಂದ. ಆಪಲ್ ತನ್ನ ಯಂತ್ರದ ಬೆಲೆಯಲ್ಲೇ ಈ ಖರ್ಚನ್ನು ಸೇರಿಸಿ, ಡಿ.ವಿ.ಡಿ. ಆಡಿಸುವ ತಂತ್ರಾಂಶವನ್ನು ಜೊತೆಗೇ ಕೊಟ್ಟಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ.ಯಲ್ಲಿ ಮೀಡಿಯಾ ಪ್ಲೇಯರ್ ಇದ್ದರೂ ಎಂಪೆಗ್-2 ಬಿಡಿಸುವ ಭಾಗ ಇರಲಿಲ್ಲ. ಪವರ್ ಡಿ.ವಿ.ಡಿ., ವಿನ್ ಡಿ.ವಿ.ಡಿ. ಮುಂತಾದ ತಂತ್ರಾಂಶಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಉಚಿತವಾಗಿ ಹಂಚುವ ಲಿನಕ್ಸ್‌ಗೆ ಹಣ ಕಟ್ಟುವವರು ಯಾರು? 2002ರ ರೆಡ್ ಹ್ಯಾಟ್ ಲಿನಕ್ಸ್ 8ರಲ್ಲಿ ಪೇಟೆಂಟಿನ ಭಯದಿಂದ ಎಂಪಿ-3 ಹಾಡು ನುಡಿಸುವ ಸೌಲಭ್ಯವನ್ನೂ ತೆಗೆದುಹಾಕಿದ್ದರು. 'ಲಿನಕ್ಸ್‌ನಲ್ಲಿ ಸಿನಿಮಾ ಓಡುವುದಿಲ್ಲ' ಎಂಬ ಮಾತಿನ ಮೂಲ ಇದು. ಲಿನಕ್ಸ್‌ಗೆ ಸಾಮರ್ಥ್ಯವಿತ್ತು, ಅನುಮತಿ ಇರಲಿಲ್ಲ.

1999ರಲ್ಲಿ ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಎಂಬ ಹದಿಹರೆಯದ ಹುಡುಗ ಮತ್ತು ಅವನ ಸಂಗಡಿಗರು ಡಿ.ವಿ.ಡಿ. ಬೀಗ ಬಿಡಿಸುವ ಒಂದು ಸಣ್ಣ ತಂತ್ರಾಂಶವನ್ನು ಹೊರಬಿಟ್ಟರು. ಅವನ ಮೇಲೆ ಮೊಕದ್ದಮೆ ನಡೆಯಿತು. ತಾನು ಕೊಂಡ ಡಿ.ವಿ.ಡಿ.ಯನ್ನು ತಾನು ನೋಡುವುದು ಅಪರಾಧವಲ್ಲವೆಂದು 2003ರಲ್ಲಿ ಅಲ್ಲಿನ ನ್ಯಾಯಾಲಯಗಳು ಅವನನ್ನು ಬಿಡುಗಡೆ ಮಾಡಿದವು.

ಇದೇ ಅವಧಿಯಲ್ಲಿ ಫ್ರಾನ್ಸಿನ ಪ್ಯಾರಿಸ್ ಬಳಿಯ ಎಕೋಲ್ ಸಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಒಂದು ಕೆಲಸಕ್ಕೆ ಕೈ ಹಾಕಿದ್ದರು. ಅವರ ವಿದ್ಯಾರ್ಥಿನಿಲಯದ ಕಂಪ್ಯೂಟರ್ ಜಾಲ ಹಳೆಯದು, ಬಹಳ ನಿಧಾನದ್ದು. ಅದನ್ನು ಹೊಸದು ಮಾಡಿಸಿಕೊಂಡು, ಉಪಗ್ರಹ ಟಿ.ವಿ.ಯನ್ನು ಪ್ರತಿ ಕೋಣೆಯ ಕಂಪ್ಯೂಟರಿಗೆ ಜಾಲದ ಮೂಲಕವೇ ತಲುಪಿಸುವ ಯೋಜನೆಯನ್ನು 1996ರಲ್ಲಿ ಆರಂಭಿಸಿದರು. 2001ರ ಫೆಬ್ರವರಿ 1ರಂದು ಕಾಲೇಜಿನ ಒಪ್ಪಿಗೆಯಿಂದ ಆ ತಂತ್ರಾಂಶ ಮುಕ್ತ ಪರವಾನಗಿಯಡಿ ಎಲ್ಲರಿಗೂ ಲಭ್ಯವಾಯಿತು. ಅದೇ ಇಂದು ಎಲ್ಲರೂ ಬಲ್ಲ, ಕಿತ್ತಳೆ ಬಣ್ಣದ ಶಂಕುವಿನ ಗುರುತಿರುವ ವಿ.ಎಲ್.ಸಿ. ಪ್ಲೇಯರ್. 2000ದಲ್ಲಿ ಹಂಗೇರಿಯ ಅರ್ಪಾದ್ ಗೆರೊಫಿ ಎಂಬುವರು ಎಂಪ್ಲೇಯರ್ ಅನ್ನೂ, ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಎಂಬುವರು ಎಫ್.ಎಫ್.ಎಂಪೆಗ್ ಅನ್ನೂ ಆರಂಭಿಸಿದರು. ಈ ಎಲ್ಲ ಮುಕ್ತ ತಂತ್ರಾಂಶಗಳು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವಂತೆ ಬೆಳೆದವು. ಒಂದೇ ತಂತ್ರಾಂಶವನ್ನು ಮೂರೂ ಕಡೆ ಓಡಿಸಿ ಹೋಲಿಸುವುದು ಮೊದಲ ಬಾರಿಗೆ ಸಾಧ್ಯವಾಯಿತು.

ಇನ್ನೊಂದು ಕಡೆ, ಮೀಡಿಯಾ ಪ್ಲೇಯರನ್ನು ವಿಂಡೋಸ್‌ಗೆ ಬೆಸೆದು ಕೊಟ್ಟು ಬೇರೆಯವರಿಗೆ ಅವಕಾಶ ತಪ್ಪಿಸಿದ್ದಕ್ಕಾಗಿ ಐರೋಪ್ಯ ಆಯೋಗ 2004ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಮೇಲೆ ಕ್ರಮ ಕೈಗೊಂಡಿತು. ಆ ಪ್ರಕರಣದಲ್ಲಿ ವಿಧಿಸಿದ ದಂಡ 49.7 ಕೋಟಿ ಯೂರೋ. ವಿಡಿಯೋ ನೋಡುವ ಒಂದು ತಂತ್ರಾಂಶ ಎಷ್ಟು ದೊಡ್ಡ ವ್ಯಾಪಾರದ ಬಾಗಿಲು ಎಂಬುದಕ್ಕೆ ಇದೇ ಸಾಕ್ಷಿ.

ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ?

ಈಗ ಮೂಲ ಪ್ರಶ್ನೆಗೆ ಬರೋಣ. ಕಡತ ಒಂದೇ, ಅದು ಓಡುತ್ತಲೂ ಇದೆ. ಆದರೂ ಚಿತ್ರ ಏಕೆ ಬೇರೆಯಾಗುತ್ತಿತ್ತು?

ಮೊದಲ ಅನುಮಾನ ಬಿಡಿಸುವ ಲೆಕ್ಕದ ಮೇಲೆ. ಎಂಪೆಗ್-1, ಎಂಪೆಗ್-2ರಲ್ಲಿ ಡಿ.ಸಿ.ಟಿ.ಯನ್ನು ದಶಮಾಂಶಗಳಲ್ಲಿ ಲೆಕ್ಕ ಹಾಕಬೇಕು. ಒಂದು ತಂತ್ರಾಂಶ ಒಂದು ರೀತಿ ಪೂರ್ಣಾಂಕಕ್ಕೆ ತಿರುಗಿಸಿದರೆ ಇನ್ನೊಂದು ಇನ್ನೊಂದು ರೀತಿ. ಈ ವ್ಯತ್ಯಾಸ ಮಿತಿಯೊಳಗಿದ್ದರೆ ಸಾಕೆಂದು ಮಾನದಂಡವೇ ಒಪ್ಪಿತ್ತು. ಕಣ್ಣಿಗೆ ಅದು ಕಾಣುವಷ್ಟು ದೊಡ್ಡದೂ ಅಲ್ಲ. 2003ರಲ್ಲಿ ಬಂದ ಎಚ್.264 ಮಾನದಂಡ ಈ ಸಡಿಲಿಕೆಯನ್ನೂ ತೆಗೆದುಹಾಕಿತು. ಡಿ.ಸಿ.ಟಿ.ಯ ಜಾಗದಲ್ಲಿ ಅದನ್ನೇ ಹೋಲುವ, ಪೂರ್ಣಾಂಕಗಳಲ್ಲೇ ಮುಗಿಯುವ ಲೆಕ್ಕವನ್ನು ತಂದಿತು. ಅಂದಿನಿಂದ ಸರಿಯಾಗಿ ಬರೆದ ಯಾವ ತಂತ್ರಾಂಶವಾದರೂ, ಯಾವ ವ್ಯವಸ್ಥೆಯ ಮೇಲಾದರೂ, ಬಿಡಿಸಿ ಕೊಡುವ ಅಂಕೆಗಳು ಕೊನೆಯ ಬಿಟ್‌ವರೆಗೂ ಒಂದೇ ಆಗಿರಬೇಕು. ಹಾಗಾದರೆ ಕಾಣುವ ವ್ಯತ್ಯಾಸವೆಲ್ಲ ಬಿಡಿಸಿದ ನಂತರ, ಪರದೆಗೆ ತಲುಪುವ ದಾರಿಯಲ್ಲಿ ಹುಟ್ಟಿದ್ದು. ಆ ದಾರಿಯಲ್ಲಿ ಮುಖ್ಯವಾಗಿ ನಾಲ್ಕು ತಿರುವುಗಳಿವೆ.

ಒಂದನೆಯದು, ಸೀಳು ಸಾಲುಗಳು. ಹಳೆಯ ಟಿ.ವಿ. ಚಿತ್ರದಲ್ಲಿ ಮೊದಲು ಬೆಸ ಸಾಲುಗಳು, ನಂತರ ಸಮ ಸಾಲುಗಳು ಬರುತ್ತಿದ್ದವು. ಸೆಕೆಂಡಿನ 50ನೇ ಒಂದು ಭಾಗದಷ್ಟು ಅಂತರದಲ್ಲಿ ತೆಗೆದ ಎರಡು ಅರ್ಧ ಚಿತ್ರಗಳವು. ಕಂಪ್ಯೂಟರ್ ಪರದೆ ಎಲ್ಲ ಸಾಲುಗಳನ್ನೂ ಒಟ್ಟಿಗೆ ತೋರಿಸುತ್ತದೆ. ಆಗ ಓಡುವ ಮನುಷ್ಯನ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಹಣ ಕೊಟ್ಟು ಕೊಂಡ ಡಿ.ವಿ.ಡಿ. ತಂತ್ರಾಂಶಗಳು ಇದನ್ನು ತಾವಾಗಿ ಸರಿಪಡಿಸುತ್ತಿದ್ದವು. ವಿ.ಎಲ್.ಸಿ.ಯ ಹಳೆಯ ಆವೃತ್ತಿಗಳಲ್ಲಿ ಆ ಸೌಲಭ್ಯವಿದ್ದರೂ ಮೆನುವಿನಲ್ಲಿ ನಾವೇ ಆರಿಸಬೇಕಿತ್ತು. ಆರಿಸದವರು ತಂತ್ರಾಂಶವೇ ಕಳಪೆ ಎಂದುಕೊಂಡರು.

ಎರಡನೆಯದು, ಕಪ್ಪು ಬಿಳುಪಿನ ಅಳತೆ. ವಿಡಿಯೋದಲ್ಲಿ ಕಪ್ಪು ಎಂದರೆ 16, ಬಿಳುಪು ಎಂದರೆ 235. ಕಂಪ್ಯೂಟರ್ ಪರದೆಯಲ್ಲಿ ಕಪ್ಪು 0, ಬಿಳುಪು 255. ಮೊದಲನೆಯದನ್ನು ಎರಡನೆಯದಕ್ಕೆ ಹಿಗ್ಗಿಸಬೇಕು. ಹಿಗ್ಗಿಸಲು ಮರೆತ ತಂತ್ರಾಂಶದಲ್ಲಿ ಕರಿಹಲಗೆಯೂ ಬೂದು ಬಣ್ಣವಾಗಿ, ಚಿತ್ರವೆಲ್ಲ ಮಂಕಾಗುತ್ತದೆ. ತಂತ್ರಾಂಶವೂ ಗ್ರಾಫಿಕ್ಸ್ ಕಾರ್ಡೂ ಇಬ್ಬರೂ ಹಿಗ್ಗಿಸಿದರೆ ಮದುಮಗನ ಕಪ್ಪು ಶೇರ್ವಾನಿಯ ಮಡಿಕೆಗಳು ಕಪ್ಪಿನಲ್ಲೇ ಮುಳುಗಿಹೋಗುತ್ತವೆ. ಇದರ ಜೊತೆಗೆ ಮ್ಯಾಕ್ ಯಂತ್ರಗಳು ಬೆಳಕಿನ ಏರಿಕೆಗೆ 1.8 ಎಂಬ ಅಳತೆಯನ್ನೂ, ಉಳಿದವು 2.2 ಎಂಬ ಅಳತೆಯನ್ನೂ ಬಳಸುತ್ತಿದ್ದವು. ತಂತ್ರಾಂಶ ಇದನ್ನು ಸರಿದೂಗಿಸದಿದ್ದರೆ ಒಂದೇ ಚಿತ್ರ ಮ್ಯಾಕ್‌ನಲ್ಲಿ ತುಸು ತೆಳುವಾಗಿ ಕಾಣುತ್ತಿತ್ತು. 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಆಪಲ್ ಕೂಡ 2.2ಕ್ಕೆ ಬಂತು.

ಮೂರನೆಯದು, ಚಿತ್ರವನ್ನು ಹಿಗ್ಗಿಸುವ ಬಗೆ. 352 ಚುಕ್ಕೆಯ ವಿ.ಸಿ.ಡಿ.ಯನ್ನು 1024 ಚುಕ್ಕೆಯ ಪರದೆ ತುಂಬ ತೋರಿಸಬೇಕಾದರೆ ನಡುವಿನ ಚುಕ್ಕೆಗಳನ್ನು ಊಹಿಸಿ ತುಂಬಬೇಕು. ಇದನ್ನು ಗ್ರಾಫಿಕ್ಸ್ ಕಾರ್ಡ್ ಮಾಡಿದರೆ ನಯವಾಗಿ, ವೇಗವಾಗಿ ಆಗುತ್ತದೆ. ಲಿನಕ್ಸ್‌ನಲ್ಲಿ ಆ ಕಾರ್ಡಿಗೆ ಸರಿಯಾದ ಡ್ರೈವರ್ ಇಲ್ಲದಿದ್ದರೆ ಇಡೀ ಭಾರ ಸಂಸ್ಕಾರಕದ ಮೇಲೆ ಬಿದ್ದು, ಚಿತ್ರ ನಿಂತು ನಿಂತು ಓಡುತ್ತಿತ್ತು. ಅದೇ ಯಂತ್ರಕ್ಕೆ ಸರಿಯಾದ ಡ್ರೈವರ್ ಹಾಕಿದ ಕೂಡಲೇ ಸರಾಗವಾಗುತ್ತಿತ್ತು.

ನಾಲ್ಕನೆಯದು, ಪರದೆಯ ಲಯ. ನಮ್ಮ ವಿಡಿಯೋ ಸೆಕೆಂಡಿಗೆ 25 ಚಿತ್ರ. ಪರದೆ ಸೆಕೆಂಡಿಗೆ 60 ಬಾರಿ ಬೆಳಗಿದರೆ ಒಂದು ಚಿತ್ರ ಎರಡು ಸಲ, ಇನ್ನೊಂದು ಮೂರು ಸಲ ಕಾಣಬೇಕಾಗುತ್ತದೆ. ಲೆಕ್ಕ ಸಮವಾಗುವುದಿಲ್ಲ. ನಿಧಾನವಾಗಿ ಸರಿಯುವ ದೃಶ್ಯದಲ್ಲಿ ಸಣ್ಣ ಕುಲುಕು ಕಾಣುತ್ತದೆ. ಅದೇ ಹಳೆಯ ಗಾಜಿನ ಮಾನಿಟರನ್ನು 75ಕ್ಕೆ ಹೊಂದಿಸಿದರೆ ಪ್ರತಿ ಚಿತ್ರವೂ ಸರಿಯಾಗಿ ಮೂರು ಸಲ ಬಂದು ಕುಲುಕು ಮಾಯವಾಗುತ್ತದೆ. ಹೊಸ ಪರದೆಗಿಂತ ಹಳೆಯದೇ ಚೆನ್ನಾಗಿ ತೋರಿಸಿದ ಉದಾಹರಣೆ ಇದು.

ಈ ನಾಲ್ಕರಲ್ಲಿ ಯಾವುದೂ ವಿಂಡೋಸ್ ಅಥವಾ ಲಿನಕ್ಸ್ ಎಂಬ ಹೆಸರಿನಿಂದ ತಾನಾಗಿ ತೀರ್ಮಾನವಾಗುವಂಥದ್ದಲ್ಲ ಎಂಬುದನ್ನು ಗಮನಿಸಿ. ಹೊಂದಾಣಿಕೆ, ಡ್ರೈವರ್, ಅನುಮತಿ ಇವು ಮೂರೂ ಸರಿಯಿದ್ದಲ್ಲಿ ಚಿತ್ರ ಸರಿಯಾಗಿ ಬಂತು.

ಚಿತ್ರದ ಕೆಳಗಿನ ಅಕ್ಷರ

ಗುಣಮಟ್ಟ ಎಂದರೆ ಚಿತ್ರವಷ್ಟೇ ಅಲ್ಲ. ಪಾಠದ ವಿಡಿಯೋದ ಕೆಳಗೆ ಕನ್ನಡ ಅಥವಾ ಉರ್ದು ಸಾಲುಗಳು ಬಂದರೆ ಹಳ್ಳಿಯ ಮಕ್ಕಳಿಗೂ ಅನುಕೂಲ. ಆದರೆ ಇಂಗ್ಲಿಷ್ ಅಕ್ಷರಗಳಂತೆ ನಮ್ಮ ಅಕ್ಷರಗಳು ಸಾಲಾಗಿ ನಿಲ್ಲುವವಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರಬೇಕು, ಗುಣಿತ ಅಕ್ಷರಕ್ಕೆ ಅಂಟಬೇಕು. ಉರ್ದು ಬಲದಿಂದ ಎಡಕ್ಕೆ ಕೂಡಿಕೊಂಡು ಹರಿಯಬೇಕು. ಅನೇಕ ಹಳೆಯ ಪ್ಲೇಯರ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಇದನ್ನು ಪರಿಹರಿಸಿದ ಮುಕ್ತ ತಂತ್ರಾಂಶದ ಹೆಸರು ಹರ್ಫ್‌ಬಝ್. ಇದನ್ನು ಮುಖ್ಯವಾಗಿ ಬೆಳೆಸಿದವರು ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್. ಉರ್ದು ಬಲ್ಲವರಿಗೆ ಈ ಹೆಸರಿನ ಅರ್ಥ ಹೇಳಬೇಕಾಗಿಲ್ಲ. 'ಹರ್ಫ್' ಎಂದರೆ ಅಕ್ಷರ, ಫಾರಸಿಯ 'ಬಾಝ್' ಎಂದರೆ ತೆರೆದದ್ದು. ಓಪನ್‌ಟೈಪ್ ಎಂಬ ಅಕ್ಷರ ವಿನ್ಯಾಸದ ಪದ್ಧತಿಗೆ ಇದು ಫಾರಸಿ ಹೆಸರು. ಆಂಡ್ರಾಯ್ಡ್ ಫೋನುಗಳಲ್ಲೂ, ಕ್ರೋಮ್, ಫೈರ್‌ಫಾಕ್ಸ್ ಜಾಲದರ್ಶಕಗಳಲ್ಲೂ ಕನ್ನಡವನ್ನು ಜೋಡಿಸಿ ಕೊಡುತ್ತಿರುವುದು ಇದೇ. 2018ರ ಫೆಬ್ರವರಿಯಲ್ಲಿ ಬಂದ ವಿ.ಎಲ್.ಸಿ. 3.0 ಆವೃತ್ತಿ ಇದನ್ನು ಬಳಸಿಕೊಂಡಿತು. ಫಾರಸಿ ಹೆಸರಿನ ತಂತ್ರಾಂಶವೊಂದು ಕನ್ನಡದ ಒತ್ತಕ್ಷರವನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತಿರುವುದು ಸಂತೋಷದ ಸಂಗತಿ.

ಜೇಬಿನೊಳಗಿನ ಪರದೆ

ಇಂದು ವಿಡಿಯೋ ಹೆಚ್ಚಾಗಿ ನೋಡುವುದು ಮೊಬೈಲ್‌ನಲ್ಲಿ. ಇಲ್ಲಿಯೂ ಬೆಂಗಳೂರಿನ ಪಾತ್ರವಿದೆ. 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಟ್ಟಿಯಮ್ ಸಿಸ್ಟಮ್ಸ್ ಎಂಬ ಕಂಪನಿ ವಿಡಿಯೋ ಬಿಡಿಸುವ ತಂತ್ರಾಂಶಗಳನ್ನೇ ವಿಶೇಷವಾಗಿ ತಯಾರಿಸಿತು. ಎಚ್.265 ವಿಡಿಯೋವನ್ನು ಬಿಡಿಸುವ ಅವರ ತಂತ್ರಾಂಶ 2014ರ ಆಂಡ್ರಾಯ್ಡ್ 5ರಲ್ಲಿ ಸೇರಿತು. ಅದರ ಮೂಲಲಿಪಿಯನ್ನು ಯಾರು ಬೇಕಾದರೂ ತೆರೆದು ಓದಬಹುದು. ಎಚ್.265 ಸಹ ಡಿ.ಸಿ.ಟಿ.ಯ ಕುಟುಂಬಕ್ಕೇ ಸೇರಿದ್ದು. 2018ರಲ್ಲಿ ಬಂದ, ಪರವಾನಗಿ ಶುಲ್ಕವಿಲ್ಲದ ಎ.ವಿ.1 ವಿಧಾನದಲ್ಲೂ ಡಿ.ಸಿ.ಟಿ. ಇದೆ.

ಹಳೆಯ ಅಡೆತಡೆಗಳಲ್ಲಿ ಕೆಲವು ಕಳಚಿವೆ. ಎಂಪೆಗ್-2ರ ಕೊನೆಯ ಅಮೆರಿಕನ್ ಪೇಟೆಂಟ್ 2018ರ ಫೆಬ್ರವರಿಯಲ್ಲಿ ಮುಗಿಯಿತು. ಆದರೆ ಹೊಸ ವಿಧಾನಗಳೊಂದಿಗೆ ಹೊಸ ಬೀಗಗಳೂ ಬಂದವು. ವಿಂಡೋಸ್ 10ರಲ್ಲಿ ಎಚ್.265 ಕಡತ ತೆರೆಯಲು ಅನೇಕರು ಬೇರೆಯಾಗಿ ಹಣ ಕಟ್ಟಬೇಕಾಯಿತು. 2022ರಲ್ಲಿ ಭಾರತದಲ್ಲಿ ವಿ.ಎಲ್.ಸಿ.ಯ ಜಾಲತಾಣವೇ ಹಲವು ತಿಂಗಳು ತೆರೆಯುತ್ತಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ತಡೆ ತೆರವಾಯಿತು. ಅನುಮತಿಯ ಪ್ರಶ್ನೆ ಡಿ.ವಿ.ಡಿ. ಕಾಲಕ್ಕೇ ಮುಗಿದುಹೋಗಿಲ್ಲ.

ಹೋಲಿಸುವ ರೀತಿ

ವಿದ್ಯಾರ್ಥಿಗಳೇ, ಎರಡು ತಂತ್ರಾಂಶಗಳಲ್ಲಿ ಅಥವಾ ಎರಡು ವ್ಯವಸ್ಥೆಗಳಲ್ಲಿ ಯಾವುದು ಮೇಲು ಎಂದು ಹೇಳುವ ಮೊದಲು ಪ್ರಯೋಗಾಲಯದ ನಿಯಮವನ್ನೇ ಪಾಲಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಅದೇ ಕಡತ, ಅದೇ ಪರದೆ, ಅದೇ ಬೆಳಕಿನ ಕೋಣೆ ಇರಲಿ. ಓಡುವ ದೃಶ್ಯ, ಕತ್ತಲೆಯ ದೃಶ್ಯ, ಅಕ್ಷರಗಳು ಸರಿಯುವ ದೃಶ್ಯ ಮೂರನ್ನೂ ನೋಡಿ. ಮೊದಲನೆಯದರಲ್ಲಿ ಸೀಳು ಸಾಲು, ಎರಡನೆಯದರಲ್ಲಿ ಕಪ್ಪಿನ ಅಳತೆ, ಮೂರನೆಯದರಲ್ಲಿ ಲಯ ಪರೀಕ್ಷೆಯಾಗುತ್ತದೆ. ಬಿಡಿಸುವ ಲೆಕ್ಕದ ಮೇಲೇ ಅನುಮಾನವಿದ್ದರೆ ಎಫ್.ಎಫ್.ಎಂಪೆಗ್ ಪ್ರತಿಯೊಂದು ಚಿತ್ರದ ಅಂಕೆಗಳಿಗೂ ಒಂದು ಗುರುತುಸಂಖ್ಯೆ ಕೊಡುತ್ತದೆ. ಒಂದೇ ಎಚ್.264 ಕಡತವನ್ನು ಎರಡು ಯಂತ್ರಗಳಲ್ಲಿ ಬಿಡಿಸಿ ಆ ಸಂಖ್ಯೆಗಳನ್ನು ತಾಳೆ ನೋಡಿ. ಅವು ಒಂದೇ ಆಗಿದ್ದರೆ ಲೆಕ್ಕ ಸರಿಯಿದೆ, ಕೊರತೆ ಮುಂದಿನ ದಾರಿಯಲ್ಲಿದೆ.

ಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲೂ ಒಂದು ವಿನಂತಿ. ಚಿತ್ರ ಸರಿಯಾಗಿ ಕಾಣುತ್ತಿಲ್ಲವೆಂದು ಯಂತ್ರವನ್ನು ಮೂಲೆಗೆ ಹಾಕುವ ಮುನ್ನ ಡ್ರೈವರ್ ಬದಲಿಸಿ, ಹೊಂದಾಣಿಕೆ ತಿದ್ದಿ, ಮುಕ್ತ ತಂತ್ರಾಂಶವೊಂದನ್ನು ಹಾಕಿ ನೋಡಿ. ಅದರಿಂದ ಉಳಿಯುವ ಹಣದಲ್ಲಿ ನಾಲ್ಕು ಮಕ್ಕಳ ಪುಸ್ತಕದ ಖರ್ಚು ಕಳೆಯಬಹುದು.

ನಾಸಿರ್ ಅಹಮದ್ 2001ರವರೆಗೂ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಡೀನ್ ಆಗಿ ಸೇವೆ ಸಲ್ಲಿಸಿದರು. ಅವರ ಕೆಲಸದ ಫಲವನ್ನು ದಿನವೂ ಅನುಭವಿಸುವ ಕೋಟ್ಯಂತರ ಜನರಿಗೆ ಅವರ ಹೆಸರೇ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ 'ದಿಸ್ ಈಸ್ ಅಸ್' ಎಂಬ ಟಿ.ವಿ. ಧಾರಾವಾಹಿ ತನ್ನ ಒಂದು ಕಂತಿನಲ್ಲಿ ಅವರ ಮತ್ತು ಅವರ ಪತ್ನಿ ಎಸ್ತರ್ ಅವರ ಕಥೆಯನ್ನು ತೋರಿಸಿದಾಗ ಅನೇಕರು ಮೊದಲ ಸಲ ಆ ಹೆಸರು ಕೇಳಿದರು. ದೂರದಲ್ಲಿರುವ ಮಕ್ಕಳ ಮುಖವನ್ನು ಮೊಬೈಲಿನಲ್ಲಿ ನೋಡಿ ಮಾತಾಡುವ ನಮ್ಮ ಊರಿನ ತಾಯಂದಿರೂ ಅವರಿಗೆ ಋಣಿಗಳೇ.

ತೀರಾ ಸರಳವೆಂದು ಒಮ್ಮೆ ತಳ್ಳಿಹಾಕಲ್ಪಟ್ಟ ವಿಚಾರವದು. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಕೊಸೈನ್ ಪಾಠ ಬಂದಾಗ 'ಇದರಿಂದ ಏನು ಉಪಯೋಗ?' ಎಂದು ಕೇಳುವ ವಿದ್ಯಾರ್ಥಿಗೆ ಅಧ್ಯಾಪಕರು ಈ ಒಂದು ಉದಾಹರಣೆಯನ್ನು ಹೇಳಿದರೆ ಸಾಕು. ಬೆಂಗಳೂರಿನಲ್ಲಿ ಅದೇ ಪಾಠ ಓದಿದ ಹುಡುಗನೊಬ್ಬ ಅದರಿಂದ ಏನು ಮಾಡಿದನೆಂದು ಅವನಿಗೂ ತಿಳಿಯಲಿ.